ಮಕ್ಕಳ ಜೊತೆ ಗುಡ್ಡೆ, ಹಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂಗಳೂರು, ಉಡುಪಿ ಸುತ್ತಮುತ್ತ ಮನೆಮಂದಿಯೆಲ್ಲ ಸೇರಿ ನಡೆದಾಡುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿ ಉತ್ತರಿಸಿದ್ದೇವೆ.

ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದಾರೆ. ಅತ್ತೆಯವರೂ ಜೊತೆಗೆ ಬರುತ್ತಾರೆ, ಅವರಿಗೆ 66. ಭಾನುವಾರ ಬೆಳಿಗ್ಗೆ ಹೊರಟು ಊಟದ ಹೊತ್ತಿಗೆ ಮನೆ ಸೇರಬೇಕು. ಎಲ್ಲಿಂದ ಶುರು ಮಾಡಲಿ? ಎಷ್ಟು ದೂರ ನಡೆಸಬಹುದು? — ಸುರತ್ಕಲ್

ಮೊದಲು ಹೊತ್ತಿನ ಲೆಕ್ಕ ಹಾಕಿ, ಜಾಗ ಆಮೇಲೆ ನೋಡೋಣ. ಚಾರಣಿಗರು ಬಳಸುವ ಹಳೆಯ ಲೆಕ್ಕವೊಂದಿದೆ. ಸ್ಕಾಟ್ಲೆಂಡಿನ ನೈಸ್ಮಿತ್ 1892ರಲ್ಲಿ ಹೇಳಿದ್ದು: 5 ಕಿ.ಮೀ.ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳಿದ್ದರೆ ಬಂದ ಉತ್ತರವನ್ನು ದುಪ್ಪಟ್ಟು ಮಾಡಿ. ಉದಾಹರಣೆಗೆ 3 ಕಿ.ಮೀ. ದಾರಿ, 150 ಮೀಟರ್ ಏರು ಎಂದಿಟ್ಟುಕೊಳ್ಳಿ. ದೊಡ್ಡವರಿಗೆ 36 ನಿಮಿಷ, ಏರಿಗೆ 15 ನಿಮಿಷ, ಒಟ್ಟು 51. ನಿಮ್ಮ ತಂಡಕ್ಕೆ ಒಂದು ಮುಕ್ಕಾಲು ಗಂಟೆ. ಆರು ವರ್ಷದ ಮಗುವಿಗೆ ಒಂದು ಬೆಳಿಗ್ಗೆಗೆ ಅಷ್ಟು ಸಾಕು. ಮಗು ಕಲ್ಲು ಹೆಕ್ಕುತ್ತದೆ, ಇರುವೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತದೆ. ಆ ಹೊತ್ತನ್ನು ಉಳಿಸಲು ಹೋಗಬೇಡಿ, ಮಗು ಬಂದದ್ದೇ ಅದಕ್ಕೆ.

ಜಾಗದ ವಿಷಯ. ಮೊದಲ ಸಲಕ್ಕೆ ಮಣಿಪಾಲದ ಮಣ್ಣಪಳ್ಳ ಒಳ್ಳೆಯದು. ಕೆರೆಯ ಸುತ್ತ ಸಮತಟ್ಟಾದ ದಾರಿ ಇದೆ. ನಿಮ್ಮ ಅತ್ತೆಯವರು ಒಂದು ಸುತ್ತು ಬಂದು ಬೆಂಚಿನಲ್ಲಿ ಕೂರಬಹುದು, ಮಕ್ಕಳು ಎರಡನೆಯ ಸುತ್ತು ಹಾಕಬಹುದು. ಎರಡನೆಯ ಸಲಕ್ಕೆ ಪಿಲಿಕುಳ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಹುಲಿ ನೀರಿಗೆ ಬರುತ್ತಿದ್ದ ಕೊಳ ಎಂದು ಹೇಳಿದರೆ ಮಕ್ಕಳು ತಾವಾಗಿ ಮುಂದೆ ನಡೆಯುತ್ತಾರೆ. ಅಲ್ಲಿನ ಸಸ್ಯಕಾಶಿಯಲ್ಲಿ ಪಶ್ಚಿಮ ಘಟ್ಟದ ಮರಗಳಿಗೆ ಹೆಸರಿನ ಫಲಕ ಇದೆ. ಹತ್ತು ಮರಗಳನ್ನು ಎಲೆ ನೋಡಿ ಗುರುತಿಸಲು ಕಲಿತರೆ ಮುಂದೆ ಯಾವ ಹಾಡಿಗೆ, ಅಂದರೆ ಊರಿನ ಸಣ್ಣ ಕಾಡಿಗೆ, ಹೋದರೂ ಕಣ್ಣಿಗೆ ಕೆಲಸ ಸಿಗುತ್ತದೆ. ಸೋಮವಾರ ರಜೆ.

ಮೂರನೆಯದು ಕಾರ್ಕಳ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಬೆಟ್ಟ, ಅದರ ಎದುರಿನ ಸಣ್ಣ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ. ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದು. ಇಲ್ಲಿ ಎಡವುವುದು ಒಂದೇ ಕಡೆ: ಚಪ್ಪಲಿ ಕಳಚಿ ಹತ್ತಬೇಕು, ಬಂಡೆ ಹತ್ತು ಗಂಟೆಯ ಹೊತ್ತಿಗೆ ಕಾಯತೊಡಗುತ್ತದೆ. ಹತ್ತುವಾಗ ತಂಪಾಗಿದ್ದ ಮೆಟ್ಟಿಲು ಇಳಿಯುವಾಗ ಮಗುವಿನ ಪಾದ ಸುಡುತ್ತದೆ. ದಪ್ಪ ಹತ್ತಿ ಸಾಕ್ಸ್ ಒಂದು ಜೊತೆ ಚೀಲದಲ್ಲಿ ಇರಲಿ. ಏಳೂವರೆಗೆ ಹತ್ತಿ, ಒಂಬತ್ತಕ್ಕೆ ಇಳಿಯಿರಿ.

ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಹಾಗಾಗಿ ಮೈ ತಂಪಾಗುವುದಿಲ್ಲ. ಘಟ್ಟದ ಮೇಲೆ ಮಧ್ಯಾಹ್ನವೂ ನಡೆಯುವ ಮಗು ಇಲ್ಲಿ ಹತ್ತೂವರೆಗೆ ಸೋತುಹೋಗುವುದು ಅದಕ್ಕೆ. ಹಟ, ಸೋಮಾರಿತನ ಎಂದು ಬೈಯಬೇಡಿ. ಫೆಬ್ರವರಿಯಿಂದ ಮೇವರೆಗೆ ಆರೂವರೆಗೆ ಶುರು ಮಾಡಿ ಒಂಬತ್ತೂವರೆಗೆ ನಡಿಗೆ ಮುಗಿದಿರಬೇಕು.

ಮಳೆಗಾಲದಲ್ಲಿ ಹೆಬ್ರಿ ಕಡೆ ಹೋಗಿದ್ದಾಗ ಮಗಳ ಕಾಲಿಗೆ ಏಳೆಂಟು ಉಂಬಳ ಹತ್ತಿದವು. ಉಪ್ಪು ಹಾಕಿ ತೆಗೆದೆವು, ರಕ್ತ ಎರಡು ಗಂಟೆ ನಿಲ್ಲಲಿಲ್ಲ. ಅವಳು ಇನ್ನು ಬರುವುದೇ ಇಲ್ಲ ಎನ್ನುತ್ತಿದ್ದಾಳೆ. — ಕಾಪು

ರಕ್ತ ನಿಲ್ಲದಿದ್ದದ್ದು ನಿಮ್ಮ ತಪ್ಪಿನಿಂದಲ್ಲ. ಉಂಬಳದ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ಅಂಶ ಇರುತ್ತದೆ. ಅದು ತೊಳೆದುಹೋಗುವವರೆಗೆ ಸಣ್ಣಗೆ ಒಸರುತ್ತಲೇ ಇರುತ್ತದೆ. ನೋಡಲು ಭಯ, ಹೋಗುವ ರಕ್ತ ಕಡಿಮೆ.

ಉಪ್ಪು, ಸುಣ್ಣ, ಬೆಂಕಿಕಡ್ಡಿ ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಇವು ಉಂಬಳವನ್ನು ಬೀಳಿಸುತ್ತವೆ ನಿಜ, ಆದರೆ ಬೀಳುವ ಮುಂಚೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೆ ಕಕ್ಕಬಹುದು. ಆಮೇಲೆ ಗಾಯ ಕೀವಾಗುವುದಕ್ಕೆ ಅದೂ ಒಂದು ಕಾರಣ. ಉಗುರಿನಿಂದ ತೆಗೆಯುವುದನ್ನು ಕಲಿಯಿರಿ. ಕಚ್ಚಿಕೊಂಡ ಉಂಬಳವನ್ನು ಹತ್ತಿರದಿಂದ ನೋಡಿದರೆ ಒಂದು ತುದಿ ಸಪೂರ, ಇನ್ನೊಂದು ದಪ್ಪ. ಸಪೂರ ತುದಿಯೇ ಬಾಯಿ. ಅದರ ಪಕ್ಕದ ಚರ್ಮವನ್ನು ಒಂದು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿಯಿರಿ, ಇನ್ನೊಂದು ಕೈಯ ಉಗುರನ್ನು ಚರ್ಮಕ್ಕೆ ತಾಗಿಸಿ ಬಾಯಿಯ ಅಡಿಗೆ ಪಕ್ಕದಿಂದ ಜಾರಿಸಿ. ಹಿಡಿತ ಬಿಡುತ್ತದೆ. ಕೂಡಲೇ ದಪ್ಪ ತುದಿಯನ್ನೂ ಹಾಗೆಯೇ ಬಿಡಿಸಿ, ಚಿಮ್ಮಿ ಬಿಸಾಡಿ. ತಡ ಮಾಡಿದರೆ ಅದು ನಿಮ್ಮ ಬೆರಳಿಗೇ ಹತ್ತುತ್ತದೆ. ಮಧ್ಯದಲ್ಲಿ ಹಿಡಿದು ಜಗ್ಗಬೇಡಿ. ಆಮೇಲೆ ಸೋಪು ನೀರಿನಲ್ಲಿ ತೊಳೆದು, ಹತ್ತಿ ಒತ್ತಿ, ಬಿಗಿಯಾಗಿ ಪಟ್ಟಿ ಕಟ್ಟಿ. ಒಂದೆರಡು ದಿನ ತುರಿಸುತ್ತದೆ, ಕೆರೆಯದಂತೆ ಮಗುವಿನ ಉಗುರು ಕತ್ತರಿಸಿಡಿ.

ಹತ್ತದ ಹಾಗೆ ಮಾಡುವುದು ಹೇಗೆ? ಉಂಬಳ ಮರದಿಂದ ಬೀಳುತ್ತದೆ ಎಂಬ ಮಾತಿದೆ. ಹೆಚ್ಚಿನವು ನೆಲದ ತರಗೆಲೆಯಿಂದ ಕಾಲಿಗೆ ಹತ್ತಿ ಮೇಲೆ ಹೋಗುವಂಥವು. ಆದ್ದರಿಂದ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿ. ಸಾಕ್ಸ್ ಒತ್ತಾದ ನೇಯ್ಗೆಯದಾಗಿರಲಿ, ಸಡಿಲ ನೇಯ್ಗೆಯಲ್ಲಿ ಅದು ಸೂಜಿಯಂತೆ ಸಪೂರವಾಗಿ ನುಸುಳುತ್ತದೆ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಸಾಕ್ಸ್ ಅದ್ದಿ ಒಣಗಿಸುವುದು ತೋಟದ ಕೆಲಸದವರ ಉಪಾಯ. ದೊಡ್ಡವರಿಗೆ ಅದು ಸರಿ, ಮಕ್ಕಳ ಚರ್ಮಕ್ಕೆ ಹೊಗೆಸೊಪ್ಪು ಬೇಡ. ಅವರಿಗೆ ಶೂ ಮತ್ತು ಸಾಕ್ಸಿನ ಹೊರಭಾಗಕ್ಕೆ ಮಾತ್ರ ಸೊಳ್ಳೆ ಮುಲಾಮು ಸವರಿ. ನೆರಳಿನ ತರಗೆಲೆಯಲ್ಲಿ ನಿಲ್ಲಬೇಡಿ, ನಿಲ್ಲುವುದಿದ್ದರೆ ಡಾಂಬರು ರಸ್ತೆ ಅಥವಾ ಬಿಸಿಲು ಬಿದ್ದ ಬಂಡೆ ಸಿಕ್ಕಾಗ ನಿಂತು, ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿ. ಹತ್ತು ನಿಮಿಷಕ್ಕೊಮ್ಮೆ ನೋಡಿದರೆ ಕಚ್ಚುವ ಮುಂಚೆಯೇ ಸಿಗುತ್ತವೆ.

ಮಗಳನ್ನು ಒತ್ತಾಯಿಸಬೇಡಿ. ಡಿಸೆಂಬರ್‌ನಲ್ಲಿ ನೆಲ ಒಣಗಿದ ಮೇಲೆ, ಮನೆ ಹತ್ತಿರದ ಬಯಲು ಗುಡ್ಡೆಗೆ ಕರೆದುಕೊಂಡು ಹೋಗಿ. ಅಲ್ಲಿ ಉಂಬಳ ಇರುವುದಿಲ್ಲ.

ಜನವರಿಯಲ್ಲಿ ಸೋಮೇಶ್ವರ, ಆಗುಂಬೆ ಕಡೆ ಕಾಡಿಗೆ ಮಕ್ಕಳನ್ನು ಕರೆದೊಯ್ಯಬಹುದೇ? ಮಂಗನ ಕಾಯಿಲೆಯ ಭಯ. — ಬ್ರಹ್ಮಾವರ

ಭಯ ಬೇಡ, ಆದರೆ ಕೇಳಿದ್ದು ಒಳ್ಳೆಯದಾಯಿತು. ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇವರೆಗೆ ಎಳ್ಳಿನ ಕಾಳಿನಷ್ಟು ಸಣ್ಣ ಮರಿ ಉಣುಗುಗಳು ಒಣ ತರಗೆಲೆಯಲ್ಲಿ ಇರುತ್ತವೆ. ಅವು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ.

ಹೊರಡುವ ಹಿಂದಿನ ದಿನ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಕಚೇರಿಗೋ ಫೋನ್ ಮಾಡಿ, ಈ ವರ್ಷ ಆಸುಪಾಸಿನಲ್ಲಿ ಮಂಗ ಸತ್ತಿದೆಯೇ ಎಂದು ಕೇಳಿ. ಸತ್ತಿದೆ ಎಂದಾದರೆ ಆ ಕಾಡು ಬಿಡಿ, ಮಳೆ ಬಿದ್ದ ಮೇಲೆ ಹೋದರಾಯಿತು. ದಾರಿಯಲ್ಲಿ ಸತ್ತ ಮಂಗ ಅಥವಾ ಮುಸುವ ಕಂಡರೆ ಹತ್ತಿರ ಹೋಗದೆ ಹಿಂದೆ ತಿರುಗಿ, ತಿಳಿಸಿ. ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿದಿರುತ್ತವೆ.

ಸುದ್ದಿ ಇಲ್ಲದಿದ್ದರೂ ಉದ್ದ ತೋಳಿನ ತಿಳಿಬಣ್ಣದ ಅಂಗಿ ಹಾಕಿಸಿ, ಉಣುಗು ಹರಿದಾಡಿದರೆ ಕಾಣುತ್ತದೆ. ತರಗೆಲೆಯ ಮೇಲೆ ಕೂರಿಸಬೇಡಿ. ಬಾಧಿತ ಊರುಗಳ ಆರೋಗ್ಯ ಕೇಂದ್ರಗಳಲ್ಲಿ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಂಬ ತೈಲ ಕೊಡುತ್ತಾರೆ, ಸಣ್ಣ ಮಕ್ಕಳಿಗೆ ಹಚ್ಚುವ ಮುಂಚೆ ಅಲ್ಲೇ ಕೇಳಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಕ್ಕಳಿಗೆ ಸೋಪು ಹಚ್ಚಿ ಸ್ನಾನ ಮಾಡಿಸಿ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಮೊಣಕಾಲಿನ ಹಿಂಭಾಗ ಬೆಳಕಿನಲ್ಲಿ ನೋಡಿ. ಕಚ್ಚಿಕೊಂಡಿದ್ದರೆ ಸಪೂರ ಮೊನೆಯ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ತಿರುಚಬೇಡಿ, ಸೀಮೆಎಣ್ಣೆ ಹಾಕಬೇಡಿ. ಮುಂದಿನ ಹತ್ತು ದಿನಗಳಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆವು’ ಎಂದು ಮೊದಲ ಮಾತಿನಲ್ಲೇ ಹೇಳಿ.

ಮಕ್ಕಳಿಗೆ ಯಾವ ಪಾದರಕ್ಷೆ? ಮನೆಯಲ್ಲಿ ಕ್ರಾಕ್ಸ್ ಇವೆ. — ಮೂಲ್ಕಿ

ಕ್ರಾಕ್ಸ್ ಬೇಡ. ಇಳಿಜಾರಿನಲ್ಲಿ ಪಾದ ಮುಂದೆ ಜಾರುತ್ತದೆ, ತೂತುಗಳಲ್ಲಿ ಮುಳ್ಳು ನುಗ್ಗುತ್ತದೆ. ಶಾಲೆಯ ಕ್ಯಾನ್ವಾಸ್ ಶೂವಿನ ಅಡಿ ಸವೆದಿಲ್ಲದಿದ್ದರೆ ಬೇಸಿಗೆಗೆ ಅದೇ ಸಾಕು. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮೇಲೆ ಅದು ಎಣ್ಣೆಯಂತೆ ಜಾರುತ್ತದೆ, ಆಗ ಆಳವಾದ ಗೀರುಗಳಿರುವ ರಬ್ಬರ್ ಅಡಿಯೇ ಬೇಕು. ಹೊಸ ಶೂವನ್ನು ವಾರ ಮೊದಲೇ ಮನೆಯಲ್ಲಿ ಹಾಕಿಸಿ.

ನಮ್ಮ ಮನೆ ಹಿಂದೆಯೇ ಪದವು ಇದೆ. ಬರೀ ಕಲ್ಲು, ಹುಲ್ಲು. ಮಕ್ಕಳಿಗೆ ಅಲ್ಲಿ ತೋರಿಸುವುದಕ್ಕೆ ಏನಾದರೂ ಇದೆಯೇ? — ಬಜ್ಪೆ

ಇದೆ, ಬೇಕಾದಷ್ಟು ಇದೆ. ದೂರದ ಜಲಪಾತಕ್ಕೆ ಕಾರಿನಲ್ಲಿ ಮೂರು ಗಂಟೆ ಕೂತು ಹೋಗುವವರು ಮನೆ ಹಿಂದಿನ ಪದವನ್ನು ನೋಡದೆ ಬಿಡುವುದು ನಮಗೆ ಬೇಸರದ ವಿಷಯ.

ಮುರಕಲ್ಲಿನ ಬಯಲು ವರ್ಷದಲ್ಲಿ ಮೂರು ಸಲ ವೇಷ ಬದಲಿಸುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ, ಅಂದರೆ ಸೋಣ ತಿಂಗಳಲ್ಲಿ ಮನೆಯವರು ಹೊಸ್ತಿಲು ಪೂಜೆಗೆ ಹೂ ಕೊಯ್ಯಲು ಹೋಗುವ ಹೊತ್ತಿಗೆ, ಕಲ್ಲಿನ ತಗ್ಗುಗಳಲ್ಲಿ ಎರಡು ಬೆರಳಿನಷ್ಟು ನೀರು ನಿಂತಿರುತ್ತದೆ. ಅಲ್ಲಿ ಮಂಡಿಯೂರಿ ನೋಡಿ. ನೀಲಿಯ ಪುಟ್ಟ ಹೂ ಬಿಡುವ ಗಿಡ ಒಂದಿದೆ, ಅದರ ಬೇರಿನಂಥ ಎಳೆಗಳಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳಿರುತ್ತವೆ. ನೀರಿನ ಸಣ್ಣ ಹುಳ ಚೀಲದ ಬಾಯಿಗೆ ತಾಗಿದರೆ ಒಳಗೆ ಎಳೆದುಕೊಂಡುಬಿಡುತ್ತದೆ. ಅದರ ಬಳಿಯಲ್ಲೇ ಎಲೆಯ ತುಂಬ ಅಂಟಿನ ಹನಿ ಹೊತ್ತ ಕೆಂಪು ಗಿಡ ಸಿಕ್ಕರೆ ಅದೂ ಹುಳ ತಿನ್ನುವುದೇ. ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರ ಇಲ್ಲ, ಗಿಡಗಳು ಹುಳದಿಂದ ಸಾರ ತೆಗೆದುಕೊಳ್ಳುತ್ತವೆ. ಹತ್ತು ರೂಪಾಯಿಯ ಭೂತಗನ್ನಡಿ ಸಾಕು, ಮಕ್ಕಳು ಒಂದು ಗಂಟೆ ಏಳುವುದಿಲ್ಲ. ಕೀಳದೆ ನೋಡಲಿ.

ಮಾರ್ಚ್‌ನಿಂದ ಮೇವರೆಗೆ ಅಂಚಿನ ಪೊದೆಗಳಲ್ಲಿ ಕೇಪಳದ ಹಣ್ಣು, ಕುಂಟಾಲ, ಕರಂಡೆ, ಚೂರಿಹಣ್ಣು. ಊರಿನ ಹಿರಿಯರೊಬ್ಬರು ಜೊತೆಗಿದ್ದು ‘ಇದು ಅದೇ’ ಎಂದರೆ ಮಾತ್ರ ಬಾಯಿಗೆ. ಕರಂಡೆಯ ಹಾಲು ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.

ಎರಡು ಅಪಾಯಗಳನ್ನು ಖಂಡಿತ ತಿಳಿದಿರಿ. ಒಂದು, ಕೆಲಸ ನಿಲ್ಲಿಸಿದ ಕಲ್ಲಿನ ಕೋರೆ. ಗೋಡೆಗಳು ನೇರ ಕತ್ತರಿಸಿದಂತಿರುತ್ತವೆ, ಮಳೆಗೆ ನೀರು ತುಂಬಿ ಕೆರೆಯಂತೆ ಕಾಣುತ್ತದೆ. ಕೆರೆಗೆ ಇರುವ ಇಳಿಜಾರು ಇಲ್ಲಿ ಇಲ್ಲ, ಒಂದು ಹೆಜ್ಜೆಗೇ ಆಳ. ಈಜು ಬಲ್ಲವರಿಗೂ ಮೇಲೆ ಹತ್ತಲು ಹಿಡಿ ಸಿಗುವುದಿಲ್ಲ. ಹುಲ್ಲು ಬೆಳೆದಾಗ ಅಂಚು ಕಾಣುವುದಿಲ್ಲವಾದ್ದರಿಂದ, ಬೇಸಿಗೆಯಲ್ಲೇ ಒಮ್ಮೆ ನಡೆದು ಎಲ್ಲೆಲ್ಲಿ ಕೋರೆ ಇದೆ ಎಂದು ನೋಡಿಕೊಳ್ಳಿ. ಇನ್ನೊಂದು, ಸಿಡಿಲು. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಪದವಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ. ಮಿಂಚಿದ ಮೇಲೆ ಎಣಿಸಿ, 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಕೂಡಲೇ ಇಳಿದು ಮನೆಗೋ ಕಾರಿನೊಳಕ್ಕೋ ಸೇರಿ. ಒಂಟಿ ಮರದ ಅಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಗಡಾಯಿಕಲ್ಲಿಗೆ ಎಂಟು ವರ್ಷದ ಮಗನನ್ನು ಹತ್ತಿಸಬಹುದೇ? ಅವನು ಚುರುಕಾಗಿದ್ದಾನೆ. — ಪುತ್ತೂರು

ನಮ್ಮ ಅಭಿಪ್ರಾಯದಲ್ಲಿ ಇನ್ನೂ ಮೂರು ವರ್ಷ ಕಾಯಿರಿ. ಬೆಳ್ತಂಗಡಿಯ ಈ ಬಂಡೆಯ ಮೇಲೆ ಟಿಪ್ಪು 1794ರಲ್ಲಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಕೋಟೆ ಕಟ್ಟಿಸಿದ. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳು 1,800ಕ್ಕೂ ಹೆಚ್ಚು. ಎತ್ತರ ಒಂದೊಂದರದ್ದು ಒಂದೊಂದು ತರ, ಕೆಲವು ಮಗುವಿನ ಮೊಣಕಾಲಿಗಿಂತ ಮೇಲೆ. ಚುರುಕಾದ ಮಗು ಹತ್ತಿಬಿಡುತ್ತದೆ. ತೊಂದರೆ ಬರುವುದು ಇಳಿಯುವಾಗ, ತೊಡೆ ಸೋತು ಕಾಲು ನಡುಗುವ ಹೊತ್ತಿಗೆ. ಹೋಗಲೇಬೇಕೆಂದರೆ ಡಿಸೆಂಬರ್, ಜನವರಿಯ ಬೆಳಿಗ್ಗೆ ಹೋಗಿ, ಇಳಿಯುವಾಗ ದೊಡ್ಡವರೊಬ್ಬರು ಮಗುವಿಗಿಂತ ಎರಡು ಮೆಟ್ಟಿಲು ಕೆಳಗೆ ಇರಲಿ, ಎತ್ತರದ ಮೆಟ್ಟಿಲಲ್ಲಿ ಕೂತು ಜಾರಲಿ. ಹೆಜ್ಜೇನು ಇರುವ ಬಂಡೆಗಳಲ್ಲಿ ಸೆಂಟು, ಹೊಗೆ, ಕೂಗಾಟ ಬೇಡ. ಮಳೆಗಾಲದಲ್ಲಿ ಬೇಡವೇ ಬೇಡ.

ತೋಡು, ಜಲಪಾತಗಳ ಹತ್ತಿರ ಎಷ್ಟು ನೀರಿದ್ದರೆ ಸುರಕ್ಷಿತ? — ಕುಂದಾಪುರ

ಹರಿಯುವ ನೀರು ಮಗುವಿನ ಮೊಣಕಾಲಿಗೆ ಬಂದರೆ ದಾಟಿಸಬೇಡಿ, ನಿಂತ ನೀರಿಗೂ ಹರಿವ ನೀರಿಗೂ ಹೋಲಿಕೆಯೇ ಇಲ್ಲ. ಸೀತಾ ನದಿಯ ಕೂಡ್ಲು ತೀರ್ಥದಂಥ ಕಡೆ ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದಿರಬಹುದು. ತಿಳಿನೀರು ಹಠಾತ್ತನೆ ಕೆಂಪಾಯಿತು, ಕಡ್ಡಿ, ಎಲೆ ತೇಲಿ ಬರತೊಡಗಿತು, ಸದ್ದು ದಪ್ಪವಾಯಿತು: ಈ ಮೂರರಲ್ಲಿ ಒಂದು ಕಂಡರೂ ಚೀಲ ಬಿಟ್ಟು ದಡ ಹತ್ತಿ. ಮಳೆಗಾಲದಲ್ಲಿ ಜಲಪಾತಗಳನ್ನು ಮುಚ್ಚುವುದು ಇದೇ ಕಾರಣಕ್ಕೆ. ಕಾಲುಸಂಕದ ಮೇಲೆ ಒಬ್ಬೊಬ್ಬರಾಗಿ ದಾಟಿ, ಅಡಿಕೆ ಮರದ ಸಂಕ ಒದ್ದೆಯಾಗಿದ್ದರೆ ಹಿಂದೆ ತಿರುಗಿ.

ನವೆಂಬರಿನಿಂದ ಜನವರಿಯವರೆಗೆ ನೀರು ತಿಳಿಯಾಗಿರುತ್ತದೆ, ಹರಿವು ತಗ್ಗಿರುತ್ತದೆ. ಮಕ್ಕಳ ಜೊತೆ ಹೋಗುವುದಕ್ಕೆ ಅದೇ ಕಾಲ.

ನಡಿಗೆ ಮುಗಿಸಿ ಬಂದ ಮಗನಿಗೆ ಕೈಯೆಲ್ಲ ಉರಿ, ತುರಿಕೆ. ಯಾವ ಗಿಡ ಇರಬಹುದು? — ಕಾರ್ಕಳ

ಡಿಸೆಂಬರ್‌ನಿಂದ ಫೆಬ್ರವರಿಯೊಳಗಾದರೆ ನಸುಗುನ್ನಿ ಇರಬೇಕು. ಬೇಲಿಗೆ ಹಬ್ಬುವ ಬಳ್ಳಿ, ಕಂದು ಬಣ್ಣದ ಮಖಮಲ್ಲಿನಂಥ ಕಾಯಿ, ಮಕ್ಕಳು ಮುಟ್ಟದೆ ಇರುವುದಿಲ್ಲ. ಗಾಳಿಗೂ ರೋಮ ಹಾರುತ್ತದೆ. ಉಜ್ಜಿದರೆ ರೋಮ ಇನ್ನೂ ಒಳಕ್ಕೆ ಹೋಗುತ್ತದೆ, ಮೊದಲು ನೀರನ್ನೂ ಹಾಕಬೇಡಿ. ಅಂಟುಪಟ್ಟಿ ಒತ್ತಿ ಎಳೆದು ರೋಮ ತೆಗೆಯಿರಿ, ನಾಲ್ಕೈದು ಸಲ, ಪ್ರತಿ ಸಲವೂ ಹೊಸ ತುಂಡು. ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಅಂಗಿಯನ್ನು ಬೇರೆಯಾಗಿ ಒಗೆಯಿರಿ, ಇಲ್ಲದಿದ್ದರೆ ಮನೆಮಂದಿಗೆಲ್ಲ ತುರಿಕೆ. ಗುಳ್ಳೆ ಎದ್ದು ಚರ್ಮ ಕಪ್ಪಾಗಿದ್ದರೆ ಚೇರೆ ಮರದ ಸೊನೆ ತಾಗಿರಬಹುದು, ಅದಕ್ಕೆ ವೈದ್ಯರನ್ನೇ ಕಾಣಿ.

ನೀರು, ತಿಂಡಿ ಎಷ್ಟು ಒಯ್ಯಬೇಕು? — ಉಡುಪಿ

ದೊಡ್ಡವರಿಗೆ ಗಂಟೆಗೆ ಅರ್ಧ ಲೀಟರ್, ಮಕ್ಕಳಿಗೆ ಕಾಲು ಲೀಟರಿಗೂ ಸ್ವಲ್ಪ ಹೆಚ್ಚು, ಜೊತೆಗೆ ಒಂದು ಲೀಟರ್ ತುರ್ತಿಗೆ. ಬೆವರು ಜಾಸ್ತಿಯಾದರೆ ಬರೀ ನೀರು ಸಾಲದು: ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಇಲ್ಲಿ ಚಮಚ ಎಂದರೆ ಚಹಾದ ಚಮಚ. ಉಪ್ಪು ಹೆಚ್ಚಾಗಬಾರದು, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ. ತಿಂಡಿಗೆ ಕದಳಿ ಬಾಳೆಹಣ್ಣು, ನೆಲಕಡಲೆ ಚಿಕ್ಕಿ, ಒಗ್ಗರಣೆ ಅವಲಕ್ಕಿ. ಕಾಯಿ ಚಟ್ನಿ ನಮ್ಮ ಸೆಕೆಗೆ ಎರಡು ಮೂರು ಗಂಟೆಯಲ್ಲಿ ಹಳಸುತ್ತದೆ, ಮನೆಯಲ್ಲೇ ಬಿಡಿ. ತೋಡಿನ ನೀರನ್ನು ಬಗ್ಗಿ ಕುಡಿಯಲು ಬಿಡಬೇಡಿ.

ಹಾವು ಕಚ್ಚಿದರೆ? — ಕಡಬ

ಬಟ್ಟೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ. ಕಚ್ಚಿದ ಕೈಕಾಲನ್ನು ಕೋಲಿಗೆ ಸಡಿಲವಾಗಿ ಕಟ್ಟಿ ಅಲುಗದಂತೆ ಮಾಡಿ, ಮಗುವನ್ನು ನಡೆಸದೆ ಎತ್ತಿಕೊಂಡು ಬನ್ನಿ, 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರ, ಕಟ್ಟು ಹಾವು, ಕನ್ನಡಿ ಹಾವು, ಗರಗಸ ಮಂಡಲ, ಈ ನಾಲ್ಕಕ್ಕೆ ಮಾಡಿದ್ದು. ಯಾವ ಹಾವೆಂದು ವೈದ್ಯರು ಲಕ್ಷಣ ನೋಡಿ ತಿಳಿಯುತ್ತಾರೆ, ಹಿಡಿಯಲೋ ಕೊಲ್ಲಲೋ ಹೋಗಿ ಹೊತ್ತು ಕಳೆಯಬೇಡಿ. ಕಾಡಿನಲ್ಲಿ ಸಿಗ್ನಲ್ ಇರುವುದಿಲ್ಲ, ಆದ್ದರಿಂದ ಹೋಗುವಾಗಲೇ ಕೊನೆಯದಾಗಿ ಎಲ್ಲಿ ಸಿಗ್ನಲ್ ಸಿಕ್ಕಿತು ಎಂದು ನೋಡಿಟ್ಟುಕೊಳ್ಳಿ.

ಕುದುರೆಮುಖ ಕಡೆಯ ಸುಲಭ ದಾರಿಗೆ ಅನುಮತಿ ಬೇಕೇ? — ಮೂಡುಬಿದಿರೆ

ಬೇಕು. ಅದು 1987ರಿಂದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸಿ, ಎಲ್ಲರ ಗುರುತಿನ ಚೀಟಿ ಜೊತೆಗಿರಲಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಮುಚ್ಚುವುದುಂಟು, ಹೊರಡುವ ಮೊದಲು ವಿಚಾರಿಸಿ. ಹತ್ತು ವರ್ಷ ದಾಟಿದ, ನಡೆದು ರೂಢಿಯಿರುವ ಮಕ್ಕಳಿಗೆ ಕುರಿಂಜಾಲು ಬೆಟ್ಟ ಒಳ್ಳೆಯದು. ದಾರಿಯ ಹೆಚ್ಚಿನ ಭಾಗ ಹಳೆಯ ಜೀಪು ರಸ್ತೆ, ಕೊನೆಯ ತುಂಡು ಮಾತ್ರ ಕಡಿದು. ನವೆಂಬರ್, ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಆರು ಗಂಟೆ ಆಸುಪಾಸಿಗೆ, ಮರಗಳಡಿ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಮಧ್ಯಾಹ್ನ ಹನ್ನೆರಡೂವರೆಗೆ ತುದಿ ಕಾಣದಿದ್ದರೂ ತಿರುಗುತ್ತೇವೆ ಎಂದು ಹೊರಡುವಾಗಲೇ ಮಕ್ಕಳಿಗೆ ಹೇಳಿಡಿ.